ಲಸಿಕೆಗೆ ವಾಹನವಾದ ಮೊಸರಿನ ಬ್ಯಾಕ್ಟೀರಿಯ

1995ರ ಡಿಸೆಂಬರ್ 9ರಂದು ಭಾರತದಲ್ಲಿ ಮೊದಲ ಬಾರಿಗೆ ರಾಷ್ಟ್ರವ್ಯಾಪಿ ಪಲ್ಸ್ ಪೋಲಿಯೊ ಕಾರ್ಯಕ್ರಮ ನಡೆಯಿತು. ಮುಂದಿನ ವರ್ಷಗಳಲ್ಲಿ ಶಾಲೆ, ಅಂಗನವಾಡಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆಯ ಬಯಲು, ಹೀಗೆ ಜನ ಸೇರುವೆಡೆಯಲ್ಲೆಲ್ಲ ಲಸಿಕೆಯ ಬೂತುಗಳು ಕಾಣಿಸಿಕೊಂಡವು. ಅಲ್ಲಿ ಕುಳಿತವರಲ್ಲಿ ವೈದ್ಯರು ವಿರಳ. ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು ಮಗುವಿನ ಬಾಯಿಗೆ ಎರಡು ಹನಿ ಹಾಕಿ, ಬೆರಳಿಗೆ ಶಾಯಿಯ ಗುರುತು ಮಾಡಿ ಕಳುಹಿಸುತ್ತಿದ್ದರು. ಸೂಜಿ ಇಲ್ಲ, ಸಿರಿಂಜು ಇಲ್ಲ, ಅವನ್ನು ಶುದ್ಧಗೊಳಿಸುವ ಗೋಜೂ ಇಲ್ಲ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂದದ್ದೇ ದೇಶದ ಕೊನೆಯ ನೈಸರ್ಗಿಕ ಪೋಲಿಯೊ ಪ್ರಕರಣವಾಯಿತು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು.

ಬಾಯಿಯ ಮೂಲಕ ಲಸಿಕೆ ಕೊಡುವುದು ಇಷ್ಟು ಸುಲಭವಾದರೆ ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮುಗಳಿಗೂ ಇಂಥದೇ ಹನಿ ಏಕಿಲ್ಲ? ಈ ಪ್ರಶ್ನೆ ವಿಜ್ಞಾನಿಗಳನ್ನು ಒಂದು ಶತಮಾನದಿಂದ ಕಾಡಿದೆ. ಅದಕ್ಕೆ ಉತ್ತರ ಹುಡುಕುತ್ತ ಹೋದವರು ಕಡೆಗೆ ಬಂದು ನಿಂತ ಸ್ಥಳಗಳಲ್ಲಿ ಒಂದು, ಅಡುಗೆಮನೆಯ ಮೊಸರಿನ ಪಾತ್ರೆ. ಹಾಲನ್ನು ಹೆಪ್ಪುಗಟ್ಟಿಸುವ ನಿರುಪದ್ರವಿ ಬ್ಯಾಕ್ಟೀರಿಯಗಳ ಬೆನ್ನಿಗೆ ಲಸಿಕೆಯನ್ನು ಏರಿಸಿ ಕರುಳಿಗೆ ಕಳುಹಿಸಬಹುದೇ ಎಂಬ ಪ್ರಯೋಗ 1990ರ ಸುಮಾರಿಗೆ ಆರಂಭವಾಯಿತು. ಅದರ ಇತಿಹಾಸದಲ್ಲಿ ಆಸೆಯೂ ಇದೆ, ಹಿಂದಿನ ಒಂದು ಘೋರ ದುರಂತದ ನೆರಳೂ ಇದೆ.

ಎರಡು ಕೋಟೆಗಳು

ಬಾಯಿಯಿಂದ ಒಳಹೋಗುವ ಯಾವುದೇ ಲಸಿಕೆ ಎರಡು ಕೋಟೆಗಳನ್ನು ದಾಟಬೇಕು. ಮೊದಲನೆಯದು ಜಠರ. ಅಲ್ಲಿನ ಪ್ರಬಲ ಆಮ್ಲ ಮತ್ತು ಜೀರ್ಣರಸಗಳು ಪ್ರೋಟೀನುಗಳನ್ನು ಚೂರುಚೂರು ಮಾಡುತ್ತವೆ. ಚುಚ್ಚುಮದ್ದಿನಲ್ಲಿರುವ ಧನುರ್ವಾಯುವಿನ ಲಸಿಕೆಯನ್ನು ಕುಡಿಸಿದರೆ ಅದು ಬೇಳೆಯಂತೆ, ಮೊಟ್ಟೆಯಂತೆ ಅರಗಿಹೋಗುತ್ತದೆ.

ಎರಡನೆಯ ಕೋಟೆ ಇನ್ನೂ ಸೂಕ್ಷ್ಮವಾದದ್ದು. ಕರುಳು ದೇಹದ ರೋಗನಿರೋಧಕ ವ್ಯವಸ್ಥೆಯ ಬಹುದೊಡ್ಡ ಠಾಣೆ. ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ದಟ್ಟವಾಗಿ ಕೂಡಿರುವ ರಕ್ಷಕ ಕೋಶಗಳ ತಾಣಗಳನ್ನು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಕಾನ್ರಾಡ್ ಪೇಯರ್ 1677ರಲ್ಲೇ ವಿವರಿಸಿದ್ದ. ಅವನ್ನು ಇಂದಿಗೂ ಪೇಯರ್ ತಾಣಗಳೆಂದೇ ಕರೆಯುತ್ತಾರೆ. ಆದರೆ ಈ ಠಾಣೆಯ ಕಾವಲುಗಾರರು ಒಳಬರುವ ಪ್ರತಿಯೊಂದನ್ನೂ ಶತ್ರುವೆಂದು ಎಣಿಸಿದರೆ ಮನುಷ್ಯ ಊಟ ಮಾಡುವಂತೆಯೇ ಇರುತ್ತಿರಲಿಲ್ಲ. ಆದ್ದರಿಂದ ಆಹಾರವಾಗಿ ಬಂದ ವಸ್ತುಗಳನ್ನು ಸಹಿಸಿಕೊಳ್ಳುವುದನ್ನು ಅವು ಕಲಿತಿವೆ. 1911ರಲ್ಲಿ ಅಮೆರಿಕದ ವೆಲ್ಸ್ ಮತ್ತು ಆಸ್‌ಬಾರ್ನ್ ಎಂಬ ವಿಜ್ಞಾನಿಗಳು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಸಸ್ಯಜನ್ಯ ಪ್ರೋಟೀನನ್ನು ಮೇವಾಗಿ ತಿಂದು ಬೆಳೆದ ಇಲಿಗಳಿಗೆ ಆಮೇಲೆ ಅದೇ ಪ್ರೋಟೀನನ್ನು ಚುಚ್ಚಿದರೆ ದೇಹ ಕೆರಳುತ್ತಿರಲಿಲ್ಲ. ಮೊದಲೇ ತಿಂದಿರದ ಇಲಿಗಳ ದೇಹ ತೀವ್ರವಾಗಿ ಕೆರಳುತ್ತಿತ್ತು. ಈ ಗುಣಕ್ಕೆ ಮೌಖಿಕ ಸಹಿಷ್ಣುತೆ ಎಂದು ಹೆಸರು.

ಲಸಿಕೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದದ್ದು. ದೇಹ ಅದನ್ನು ಸಹಿಸಿಕೊಳ್ಳಬಾರದು. ಗುರುತಿಸಿ, ಎಚ್ಚೆತ್ತು, ನೆನಪಿಟ್ಟುಕೊಳ್ಳಬೇಕು. ಪೋಲಿಯೊ ಹನಿಯಲ್ಲಿರುವುದು ಜೀವಂತ ವೈರಸ್. ಕರುಳೇ ಅದರ ಸಹಜ ನೆಲೆಯಾದ್ದರಿಂದ ಎರಡೂ ಕೋಟೆಗಳನ್ನು ದಾಟುವ ದಾರಿ ಅದಕ್ಕೆ ಗೊತ್ತು. ಧನುರ್ವಾಯುವಿನ ಲಸಿಕೆಗೆ ಆ ದಾರಿ ಗೊತ್ತಿಲ್ಲ. ದಾರಿ ಬಲ್ಲ ಇನ್ನೊಂದು ಜೀವಿ ಅದನ್ನು ಹೊತ್ತೊಯ್ಯಬೇಕು. ಹಾಗೆ ಹೊರುವ ಜೀವಿ ಒಂದು ಕಡೆ ಮಗುವಿಗೆ ಅಪಾಯ ಮಾಡದಷ್ಟು ಸಾಧುವಾಗಿರಬೇಕು, ಇನ್ನೊಂದು ಕಡೆ ಕಾವಲುಗಾರರ ಗಮನ ಸೆಳೆಯುವಷ್ಟು ಚುರುಕಾಗಿಯೂ ಇರಬೇಕು. ಈ ಎರಡು ಗುಣಗಳು ಒಂದೇ ಜೀವಿಯಲ್ಲಿ ಸಿಗದಿರುವುದೇ ಮುಂದಿನ ಕಥೆಯನ್ನೆಲ್ಲ ನಡೆಸಿದೆ.

ಲ್ಯೂಬೆಕ್‌ನ ಶಿಶುಗಳು

ಜೀವಂತ ಬ್ಯಾಕ್ಟೀರಿಯವನ್ನು ಬಾಯಿಯ ಮೂಲಕ ಲಸಿಕೆಯಾಗಿ ಕೊಟ್ಟ ಮೊದಲ ದೊಡ್ಡ ಪ್ರಯತ್ನ ಕ್ಷಯರೋಗದ ವಿರುದ್ಧ ನಡೆಯಿತು. ಇಂದು ನವಜಾತ ಶಿಶುವಿನ ತೋಳಿಗೆ ಚುಚ್ಚುವ ಬಿಸಿಜಿ ಲಸಿಕೆ ಹುಟ್ಟಿದ್ದು ಕುಡಿಸುವ ಔಷಧಿಯಾಗಿ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮಿಲ್ ಗೆರಿನ್ ದನಗಳ ಕ್ಷಯದ ಬ್ಯಾಕ್ಟೀರಿಯವನ್ನು ಆಲೂಗೆಡ್ಡೆ, ಗ್ಲಿಸರಿನ್ ಮತ್ತು ಪಿತ್ತರಸದ ಮಿಶ್ರಣದಲ್ಲಿ 1908ರಿಂದ ಬೆಳೆಸತೊಡಗಿದರು. 13 ವರ್ಷಗಳಲ್ಲಿ 230 ಬಾರಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟಿಸಿದ ಮೇಲೆ ಅದು ರೋಗ ತರುವ ಶಕ್ತಿಯನ್ನು ಕಳೆದುಕೊಂಡಿತು. 1921ರಲ್ಲಿ ಪ್ಯಾರಿಸಿನಲ್ಲಿ, ಕ್ಷಯದಿಂದ ತಾಯಿಯನ್ನು ಕಳೆದುಕೊಂಡಿದ್ದ ನವಜಾತ ಶಿಶುವೊಂದಕ್ಕೆ ಅದನ್ನು ಮೊದಲ ಬಾರಿಗೆ ಕುಡಿಸಲಾಯಿತು. ಮಗು ಆರೋಗ್ಯವಾಗಿ ಬೆಳೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಾವಿರಾರು ಶಿಶುಗಳಿಗೆ ಈ ಲಸಿಕೆ ದೊರೆಯಿತು.

1929ರ ಡಿಸೆಂಬರಿನಲ್ಲಿ ಜರ್ಮನಿಯ ಲ್ಯೂಬೆಕ್ ನಗರವೂ ಇದನ್ನು ಆರಂಭಿಸಿತು. ಬ್ಯಾಕ್ಟೀರಿಯ ಬಂದದ್ದು ಪ್ಯಾರಿಸಿನಿಂದ, ಲಸಿಕೆ ತಯಾರಾದದ್ದು ಲ್ಯೂಬೆಕ್‌ನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಸುಮಾರು 250 ನವಜಾತ ಶಿಶುಗಳಿಗೆ ಅದನ್ನು ಕುಡಿಸಿದರು. 1930ರ ವಸಂತದಲ್ಲಿ ಒಂದೊಂದಾಗಿ ಮಕ್ಕಳು ಕ್ಷಯದಿಂದ ಸಾಯತೊಡಗಿದವು. ಸತ್ತವರ ಸಂಖ್ಯೆ 70ನ್ನು ಮೀರಿತು; ಇನ್ನೂ ಅನೇಕ ಮಕ್ಕಳು ರೋಗಕ್ಕೆ ತುತ್ತಾಗಿ ಬದುಕಿ ಉಳಿದವು. ತನಿಖೆಯಲ್ಲಿ ಹೊರಬಂದ ಸಂಗತಿ ಇದು: ಅದೇ ಪ್ರಯೋಗಾಲಯದಲ್ಲಿ ಇರಿಸಿದ್ದ ಕ್ಷಯದ ಉಗ್ರ ತಳಿಯೊಂದು ಲಸಿಕೆಯಲ್ಲಿ ಬೆರೆತುಹೋಗಿತ್ತು. ಬಿಸಿಜಿ ತಳಿ ನಿರ್ದೋಷಿಯಾಗಿತ್ತು. ವಿಚಾರಣೆ ನಡೆದು 1932ರಲ್ಲಿ ಇಬ್ಬರು ವೈದ್ಯರಿಗೆ ಶಿಕ್ಷೆಯಾಯಿತು.

ಮುಂದೆ ಹೆಚ್ಚಿನ ದೇಶಗಳು ಬಿಸಿಜಿಯನ್ನು ಚರ್ಮಕ್ಕೆ ಚುಚ್ಚುವ ವಿಧಾನಕ್ಕೆ ಬದಲಾಯಿಸಿದವು. ಬ್ರೆಜಿಲ್ ಮಾತ್ರ 1970ರ ದಶಕದವರೆಗೂ ಕುಡಿಸುವ ಪದ್ಧತಿಯನ್ನು ಉಳಿಸಿಕೊಂಡಿತ್ತು. ಜೀವಂತ ಬ್ಯಾಕ್ಟೀರಿಯವನ್ನು ಮಗುವಿನ ಹೊಟ್ಟೆಗೆ ಕಳುಹಿಸಬೇಕಾದರೆ, ಅದು ನಿಜಕ್ಕೂ ಸಾಧುವೇ, ಮತ್ತೆ ಉಗ್ರವಾಗಲಾರದೆ, ಇನ್ನೇನಾದರೂ ಅದರೊಂದಿಗೆ ಬೆರೆತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಇರಬೇಕು ಎಂಬ ಪಾಠವನ್ನು ಲ್ಯೂಬೆಕ್ ಕಲಿಸಿತು.

ಹುಳಿಹಾಲಿನಲ್ಲಿ ಸಿಕ್ಕ ಜೀವಿ

ಸಾಧುತನದ ವಿಷಯಕ್ಕೆ ಬಂದರೆ ಮೊಸರಿನ ಬ್ಯಾಕ್ಟೀರಿಯವನ್ನು ಮೀರಿಸುವ ಜೀವಿ ಇಲ್ಲ. ಮನುಷ್ಯ ಅದನ್ನು ಸಾವಿರಾರು ವರ್ಷಗಳಿಂದ ತಿಳಿಯದೆಯೇ ಸಾಕಿದ್ದಾನೆ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇಂದಿನ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುವ ಗೃಹಿಣಿ ಮಾಡುವುದು, ಕಾಲ್ಮೆಟ್ ಪ್ರಯೋಗಾಲಯದಲ್ಲಿ ಮಾಡಿದಂತೆ, ಬ್ಯಾಕ್ಟೀರಿಯವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನೇ. ಇಡ್ಲಿ, ದೋಸೆಯ ಹಿಟ್ಟು ಉಬ್ಬುವುದಕ್ಕೂ ಇದೇ ಕುಲಕ್ಕೆ ಹತ್ತಿರದ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ ಕಾರಣ.

ಈ ಗುಂಪಿನಲ್ಲಿ ಮುಂದೆ ಲಸಿಕೆಯ ಪ್ರಯೋಗಗಳಿಗೆ ಹೆಚ್ಚು ಬಳಕೆಯಾದದ್ದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್. ಚೀಸ್ ತಯಾರಿಕೆಯಲ್ಲಿ ಇದು ಮುಖ್ಯ. ನಮ್ಮ ಮೊಸರಿನಲ್ಲೂ ಇರುತ್ತದೆ. ಇದನ್ನು ಮೊದಲು ಬೇರ್ಪಡಿಸಿ ಬೆಳೆಸಿದವನು, ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆಯ ಪದ್ಧತಿಯನ್ನು ತಂದ ಬ್ರಿಟಿಷ್ ವೈದ್ಯ ಜೋಸೆಫ್ ಲಿಸ್ಟರ್. ಹುಳಿತ ಹಾಲನ್ನು ನೀರಿನಿಂದ ತಿಳಿಯಾಗಿಸುತ್ತ, ಒಂದು ಹನಿಯಲ್ಲಿ ಸರಾಸರಿ ಒಂದೇ ಬ್ಯಾಕ್ಟೀರಿಯ ಉಳಿಯುವಂತೆ ಮಾಡಿ, ಆ ಹನಿಯನ್ನು ಕುದಿಸಿದ ಹಾಲಿಗೆ ಬಿಟ್ಟು ಹುಳಿಯಾಗುವುದೇ ಎಂದು ಅವನು ನೋಡಿದ. 1878ರಲ್ಲಿ ಪ್ರಕಟವಾದ ಈ ಕೆಲಸದಿಂದ ಒಂದೇ ಜಾತಿಯ ಬ್ಯಾಕ್ಟೀರಿಯವನ್ನು ಶುದ್ಧವಾಗಿ ಬೆಳೆಸುವುದು ಸಾಧ್ಯವೆಂದು ತಿಳಿಯಿತು. ಲಿಸ್ಟರನ ಆಸಕ್ತಿ ಹಾಲಿನ ಮೇಲಿರಲಿಲ್ಲ. ಒಂದು ನಿರ್ದಿಷ್ಟ ಜೀವಿ ಒಂದು ನಿರ್ದಿಷ್ಟ ಬದಲಾವಣೆಗೆ ಕಾರಣವೆಂದು ಹಾಲಿನಲ್ಲಿ ತೋರಿಸಿದರೆ, ರೋಗಗಳ ವಿಷಯದಲ್ಲೂ ಅದನ್ನು ನಂಬಿಸಬಹುದು ಎಂಬುದು ಅವನ ಲೆಕ್ಕಾಚಾರ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಹುಳಿಹಾಲಿನ ಬ್ಯಾಕ್ಟೀರಿಯ ಆಯುಸ್ಸನ್ನು ಹೆಚ್ಚಿಸುತ್ತದೆಂದು ಪ್ರಚಾರ ಮಾಡಿದ. ಬಲ್ಗೇರಿಯದ ರೈತರ ದೀರ್ಘಾಯುಸ್ಸಿಗೆ ಅವರು ಕುಡಿಯುವ ಹುಳಿಹಾಲೇ ಕಾರಣವೆಂಬುದು ಅವನ ವಾದ. ದೇಹದ ಬಿಳಿಕಣಗಳು ರೋಗಾಣುಗಳನ್ನು ನುಂಗುವುದನ್ನು ಕಂಡುಹಿಡಿದು, ಪೌಲ್ ಎರ್ಲಿಕ್ ಜೊತೆಗೆ 1908ರಲ್ಲಿ ನೊಬೆಲ್ ಪಡೆದವನೂ ಇದೇ ಮೆಚ್ನಿಕಾಫ್. ರೋಗನಿರೋಧಕ ಶಕ್ತಿ ಮತ್ತು ಮೊಸರು, ಈ ಎರಡು ವಿಷಯಗಳೂ ಅವನಲ್ಲಿ ಕೂಡಿದ್ದವು. ಆದರೆ ಒಂದನ್ನು ಇನ್ನೊಂದರ ಮೇಲೆ ಹೇರುವ ವಿದ್ಯೆ ಆಗ ಯಾರಿಗೂ ತಿಳಿದಿರಲಿಲ್ಲ.

ಪಳಗಿಸಿದ ರೋಗಾಣುಗಳು

ಆ ವಿದ್ಯೆ ಬಂದದ್ದು 1973ರ ನಂತರ. ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವ ಕ್ರಮವನ್ನು ಅಮೆರಿಕದ ಸ್ಟಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಆ ವರ್ಷ ತೋರಿಸಿಕೊಟ್ಟರು. ಅಲ್ಲಿಗೆ, ರೋಗಾಣುವಿನ ಗುರುತಿನ ಪ್ರೋಟೀನೊಂದರ ವಂಶವಾಹಿಯನ್ನು ಬೇರೊಂದು ಬ್ಯಾಕ್ಟೀರಿಯದಲ್ಲಿಟ್ಟು, ಅದರಿಂದಲೇ ಆ ಪ್ರೋಟೀನನ್ನು ಕರುಳಿನೊಳಗೆ ತಯಾರಿಸಿಕೊಳ್ಳುವ ಯೋಚನೆಗೆ ದಾರಿಯಾಯಿತು.

ವಾಹನದ ಹುಡುಕಾಟ ಮೊದಲು ಹೋದದ್ದು ಮೊಸರಿನ ಕಡೆಗಲ್ಲ, ವಿಷಮಶೀತ ಜ್ವರದ ಕಡೆಗೆ. ಅದನ್ನು ತರುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಪೇಯರ್ ತಾಣಗಳಿಗೇ ನೇರವಾಗಿ ನುಗ್ಗಬಲ್ಲದು. 1975ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೆನೆ ಜರ್ಮಾನಿಯರ್ ಮತ್ತು ಎಮಿಲ್ ಫ್ಯೂರರ್ ರಾಸಾಯನಿಕಗಳಿಂದ ಅದನ್ನು ದುರ್ಬಲಗೊಳಿಸಿ ಟಿವೈ 21ಎ ಎಂಬ ತಳಿಯನ್ನು ರೂಪಿಸಿದರು. ಈಜಿಪ್ಟಿನ ಅಲೆಕ್ಸಾಂಡ್ರಿಯದ ಶಾಲಾಮಕ್ಕಳಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಶೇಕಡ 90ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿತು. ರೋಗ ಹೆಚ್ಚಾಗಿದ್ದ ಚಿಲಿಯ ಸಾಂಟಿಯಾಗೊ ನಗರದಲ್ಲಿ, ಆಮ್ಲಕ್ಕೆ ಕರಗದ ಕವಚವಿರುವ ಗುಳಿಗೆಯ ರೂಪದಲ್ಲಿ ಕೊಟ್ಟಾಗ ಮೂರು ವರ್ಷಗಳಲ್ಲಿ ಶೇಕಡ 67ರಷ್ಟು ರಕ್ಷಣೆ ಸಿಕ್ಕಿತು. ಜೀವಂತ ಬ್ಯಾಕ್ಟೀರಿಯದ ಲಸಿಕೆಯನ್ನು ನುಂಗಿಸಬಹುದು ಎಂಬುದು ಲ್ಯೂಬೆಕ್‌ನ ನಂತರ ಮತ್ತೊಮ್ಮೆ ಸಾಬೀತಾಯಿತು.

1981ರಲ್ಲಿ ಎರಡು ಮುಖ್ಯ ಕೆಲಸಗಳು ನಡೆದವು. ಅಮೆರಿಕದ ಸ್ಯಾಮ್ಯುಯೆಲ್ ಫಾರ್ಮಲ್ ಮತ್ತು ಸಂಗಡಿಗರು ಟಿವೈ 21ಎ ತಳಿಗೆ ರಕ್ತಭೇದಿ ತರುವ ಶಿಗೆಲ್ಲದ ಗುರುತನ್ನು ವರ್ಗಾಯಿಸಿದರು. ಒಂದೇ ಗುಳಿಗೆಯಿಂದ ಎರಡು ರೋಗಗಳಿಗೆ ರಕ್ಷಣೆ ಎಂಬ ಆಸೆ ಅದು. ಸ್ವಯಂಸೇವಕರಲ್ಲಿ ಪರೀಕ್ಷಿಸಿದಾಗ ಕೆಲವು ತಯಾರಿಕೆಗಳು ಫಲಕೊಟ್ಟವು, ಕೆಲವು ಕೊಡಲಿಲ್ಲ. ಹೀಗೆ ಏರುಪೇರಾದ ಕಾರಣ ಯೋಜನೆ ಮುಂದುವರಿಯಲಿಲ್ಲ. ಅದೇ ವರ್ಷ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಹೋಸೆತ್ ಮತ್ತು ಸ್ಟಾಕರ್, ಬದುಕಲು ಬೇಕಾದ ಕೆಲವು ಪೋಷಕಗಳನ್ನು ತಾನೇ ತಯಾರಿಸಿಕೊಳ್ಳಲಾಗದ ಸಾಲ್ಮೊನೆಲ್ಲ ತಳಿಯೊಂದನ್ನು ರೂಪಿಸಿದರು. ಪ್ರಾಣಿಯ ದೇಹದಲ್ಲಿ ಆ ಪೋಷಕಗಳು ಸಿಗುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯ ಒಳಹೊಕ್ಕು, ರಕ್ಷಕ ಕೋಶಗಳನ್ನು ಎಚ್ಚರಿಸಿ, ಹೆಚ್ಚು ವೃದ್ಧಿಯಾಗದೆ ಸೊರಗಿಹೋಗುತ್ತದೆ.

ಆದರೂ ಸಾಲ್ಮೊನೆಲ್ಲ ಮೂಲತಃ ರೋಗಾಣು. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ, ಬೇರೆ ಕಾಯಿಲೆಯಿಂದ ನಿರೋಧಕ ಶಕ್ತಿ ಕುಂದಿದವರಿಗೆ ಪಳಗಿಸಿದ ರೋಗಾಣುವೂ ತೊಂದರೆ ಕೊಡಬಹುದೆಂಬ ಅಳುಕು ಉಳಿಯಿತು. ಲಸಿಕೆ ಅತ್ಯಂತ ಅಗತ್ಯವಿದ್ದದ್ದು ಅಂಥ ಮಕ್ಕಳಿಗೇ.

ಮೊಸರಿನತ್ತ ಹೊರಳಿದ ಪ್ರಯೋಗ

ಹೀಗಾಗಿ ಎಂದೂ ರೋಗಾಣುವಾಗಿರದ ಜೀವಿಯನ್ನೇ ವಾಹನವಾಗಿ ಬಳಸುವ ವಿಚಾರ ಬಂದಿತು. 1990ರಲ್ಲಿ ಜಪಾನಿನ ವಿಜ್ಞಾನಿಗಳು ಹಲ್ಲು ಹುಳುಕಿಗೆ ಕಾರಣವಾದ ಬ್ಯಾಕ್ಟೀರಿಯದ ಒಂದು ಪ್ರೋಟೀನನ್ನು ಲ್ಯಾಕ್ಟೊಕಾಕಸ್‌ನಲ್ಲಿ ತಯಾರಿಸಿ, ಅದನ್ನು ಇಲಿಗಳಿಗೆ ತಿನ್ನಿಸಿದರು. ಇಲಿಗಳ ಜೊಲ್ಲಿನಲ್ಲೂ ರಕ್ತದಲ್ಲೂ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಕಂಡುಬಂದವು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೆರೆಮಿ ವೆಲ್ಸ್, ರಿಚರ್ಡ್ ಲ ಪೇಜ್ ಮತ್ತು ಸಂಗಡಿಗರು ಧನುರ್ವಾಯುವನ್ನು ಆರಿಸಿಕೊಂಡರು. ಧನುರ್ವಾಯುವಿನ ವಿಷದಲ್ಲಿ ಹಾನಿ ಮಾಡದ ಒಂದು ಭಾಗವಿದೆ. ದೇಹ ಆ ಭಾಗವನ್ನು ಗುರುತಿಟ್ಟುಕೊಂಡರೆ ಇಡೀ ವಿಷವನ್ನೇ ತಡೆಯಬಲ್ಲದು. ಆ ಭಾಗದ ವಂಶವಾಹಿಯನ್ನು ಉಂಗುರದಂಥ ಒಂದು ಸಣ್ಣ ಡಿಎನ್‌ಎ ತುಣುಕಿಗೆ ಜೋಡಿಸಿ ಲ್ಯಾಕ್ಟೊಕಾಕಸ್ ಒಳಗೆ ಸೇರಿಸಿದರು. 1993ರಲ್ಲಿ ಈ ಬ್ಯಾಕ್ಟೀರಿಯವನ್ನು ಇಲಿಗಳಿಗೆ ಚುಚ್ಚಿದಾಗ ಅವು ಧನುರ್ವಾಯುವಿನ ಮಾರಕ ವಿಷವನ್ನು ತಡೆದುಕೊಂಡವು. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚುಚ್ಚುವ ಬದಲು ಬಾಯಿಯ ಮೂಲಕ ಕೊಟ್ಟರು. ಆಗಲೂ ಇಲಿಗಳ ರಕ್ತದಲ್ಲಿ ಪ್ರತಿಕಾಯಗಳು ಮೂಡಿದವು, ವಿಷದಿಂದ ರಕ್ಷಣೆ ಸಿಕ್ಕಿತು. ಹಾಲು ಹೆಪ್ಪುಗಟ್ಟಿಸುವ ಜೀವಿಯೊಂದು ಲಸಿಕೆಯ ಹೊರೆ ಹೊತ್ತು ಜಠರವನ್ನು ದಾಟಬಲ್ಲದು ಎಂಬುದು ಖಚಿತವಾಯಿತು.

ಈ ವಿಧಾನದ ಅನುಕೂಲಗಳು ಹಲವು. ಬ್ಯಾಕ್ಟೀರಿಯದ ಗಟ್ಟಿ ಕೋಶಭಿತ್ತಿ ಒಳಗಿನ ಪ್ರೋಟೀನನ್ನು ಆಮ್ಲದಿಂದ ಕಾಪಾಡುತ್ತದೆ. ಪ್ರೋಟೀನನ್ನು ಬೇರ್ಪಡಿಸಿ ಶುದ್ಧಗೊಳಿಸುವ ದುಬಾರಿ ಕೆಲಸ ತಪ್ಪುತ್ತದೆ. ಕರುಳಿನ ಒಳಮೈಯಲ್ಲೇ ಪ್ರತಿಕಾಯಗಳು ಮೂಡುವುದರಿಂದ, ಬಾಯಿ ಮೂಲಕ ಬರುವ ರೋಗಾಣುಗಳನ್ನು ಬಾಗಿಲಲ್ಲೇ ತಡೆಯುವ ಅವಕಾಶವಿದೆ. ಲ್ಯಾಕ್ಟೊಕಾಕಸ್ ಕರುಳಿನಲ್ಲಿ ನೆಲೆಯೂರುವುದಿಲ್ಲ. ಕೆಲವೇ ದಿನಗಳಲ್ಲಿ ಹೊರಬೀಳುತ್ತದೆ. ಇದೂ ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದು.

ಬಾಗಿಲಿಗೆ ಹಾಕಿದ ಬೀಗ

ಆದರೆ ಹೊರಬಿದ್ದ ಬ್ಯಾಕ್ಟೀರಿಯ ಎಲ್ಲಿಗೆ ಹೋಗುತ್ತದೆ? ಶೌಚದ ಮೂಲಕ ಮಣ್ಣು, ನೀರು ಸೇರುತ್ತದೆ. ಮನುಷ್ಯನೇ ಮಾರ್ಪಡಿಸಿದ ವಂಶವಾಹಿಯನ್ನು ಹೊತ್ತ ಜೀವಿ ಅಲ್ಲಿ ಬೆಳೆಯಬಾರದು, ಆ ವಂಶವಾಹಿಯನ್ನು ಬೇರೆ ಬ್ಯಾಕ್ಟೀರಿಯಕ್ಕೆ ದಾಟಿಸಬಾರದು. ಸಾರ್ವಜನಿಕರಲ್ಲೂ ಸರ್ಕಾರಗಳಲ್ಲೂ ಇದ್ದ ಈ ಆತಂಕಕ್ಕೆ ಬೆಲ್ಜಿಯಂನ ಘೆಂಟ್ ನಗರದಲ್ಲಿ ಒಂದು ಉತ್ತರ ಸಿದ್ಧವಾಯಿತು.

ಅಲ್ಲಿನ ಲೋಥಾರ್ ಸ್ಟೈಡ್ಲರ್ ಮತ್ತು ಸಂಗಡಿಗರು ಮಾಡಿದ್ದು ಲಸಿಕೆಯನ್ನಲ್ಲ, ಅದಕ್ಕೆ ಸೋದರನೆನಿಸುವ ಔಷಧಿಯನ್ನು. ಕರುಳಿನ ಉರಿಯೂತವನ್ನು ಶಮನಗೊಳಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನನ್ನು ಸ್ರವಿಸುವಂತೆ ಅವರು ಲ್ಯಾಕ್ಟೊಕಾಕಸ್ ಅನ್ನು ಮಾರ್ಪಡಿಸಿದರು. 2000ದಲ್ಲಿ ಇಲಿಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿತು. ಮನುಷ್ಯರಿಗೆ ಕೊಡುವ ಮುನ್ನ, 2003ರಲ್ಲಿ ಒಂದು ಬೀಗ ರೂಪಿಸಿದರು. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಎಂಬ ವಸ್ತುವನ್ನು ತಯಾರಿಸಿಕೊಳ್ಳುವ ವಂಶವಾಹಿಯನ್ನು ಬ್ಯಾಕ್ಟೀರಿಯದಿಂದ ಕಿತ್ತು, ಅದೇ ಜಾಗದಲ್ಲಿ ಮನುಷ್ಯನ ಪ್ರೋಟೀನಿನ ವಂಶವಾಹಿಯನ್ನು ಇಟ್ಟರು. ಹೊರಗೆ ಥೈಮಿಡಿನ್ ಸಿಗದಿದ್ದರೆ ಆ ಬ್ಯಾಕ್ಟೀರಿಯ ಸಾಯುತ್ತದೆ. ಒಂದು ವೇಳೆ ಬೇರೆ ಲ್ಯಾಕ್ಟೊಕಾಕಸ್‌ನಿಂದ ಕಳೆದುಹೋದ ವಂಶವಾಹಿಯನ್ನು ಅದೇ ಜಾಗಕ್ಕೆ ಮರಳಿ ಪಡೆದರೂ ಅಲ್ಲಿದ್ದ ಮನುಷ್ಯನ ವಂಶವಾಹಿ ಕಳಚಿಹೋಗುತ್ತದೆ. ಸ್ಟಾನ್‌ಫರ್ಡ್‌ನಲ್ಲಿ 1981ರಲ್ಲಿ ಹೊಳೆದಿದ್ದ ಉಪವಾಸದ ಉಪಾಯ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿತ್ತು.

2006ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿದ್ದ 10 ರೋಗಿಗಳಿಗೆ ಈ ಬ್ಯಾಕ್ಟೀರಿಯ ಕೊಟ್ಟ ಪರೀಕ್ಷೆಯ ವರದಿ ಪ್ರಕಟವಾಯಿತು. ಅದು ಸುರಕ್ಷಿತವಾಗಿತ್ತು, ಬೀಗವೂ ಕೆಲಸ ಮಾಡಿತ್ತು. ಆದರೆ ಮುಂದೆ ಇನ್ನೊಂದು ಕರುಳುಬೇನೆಯ ರೋಗಿಗಳಲ್ಲಿ ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಾಹನದ ಸಾಧುತನ ಸಾಬೀತಾಗಿತ್ತು, ಅದರ ಸಾಮರ್ಥ್ಯ ಸಾಬೀತಾಗಲಿಲ್ಲ.

ಲಸಿಕೆಯ ಪ್ರಯೋಗಗಳೂ ಮುಂದುವರಿದವು. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಲ್ಯಾಕ್ಟೊಬ್ಯಾಸಿಲಸ್ ಅಸಿಡೊಫಿಲಸ್ ಬಳಸಿ ಇಲಿಗಳಿಗೆ ಆಂಥ್ರಾಕ್ಸ್‌ನಿಂದ ರಕ್ಷಣೆ ಒದಗಿಸಿದರು. ಇಲ್ಲಿ ಅವರು ಲಸಿಕೆಯ ಪ್ರೋಟೀನಿಗೆ ಒಂದು ವಿಳಾಸಚೀಟಿಯನ್ನೂ ಅಂಟಿಸಿದ್ದರು. ಅದು ಕರುಳಿನ ನಿರ್ದಿಷ್ಟ ರಕ್ಷಕ ಕೋಶಗಳಿಗೇ ಹೋಗಿ ಅಂಟುವಂಥದು. 2014ರಲ್ಲಿ ಜಪಾನಿನ ಕೆಯ್ ಕವಾನ ಮತ್ತು ಸಂಗಡಿಗರು ಗರ್ಭಕೊರಳಿನ ಕ್ಯಾನ್ಸರಿಗೆ ಪೂರ್ವಭಾವಿಯಾದ ಬದಲಾವಣೆ ಇದ್ದ 17 ಮಹಿಳೆಯರಿಗೆ, ಪ್ಯಾಪಿಲೋಮ ವೈರಸ್ಸಿನ ಪ್ರೋಟೀನನ್ನು ಹೊತ್ತ ಲ್ಯಾಕ್ಟೊಬ್ಯಾಸಿಲಸ್ ಕೇಸಿಯನ್ನು ಬಾಯಿಯ ಮೂಲಕ ಕೊಟ್ಟ ವರದಿ ಪ್ರಕಟಿಸಿದರು. ಒಂಬತ್ತನೆಯ ವಾರದಲ್ಲಿ ಶೇಕಡ 70ರಷ್ಟು ಮಂದಿಯಲ್ಲಿ ಬದಲಾವಣೆಯ ತೀವ್ರತೆ ಒಂದು ಹಂತ ಇಳಿದಿತ್ತು. ಆದರೆ ಪರೀಕ್ಷೆ ಚಿಕ್ಕದು, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಇಂಥ ಬದಲಾವಣೆ ಕೆಲವರಲ್ಲಿ ತಾನಾಗಿಯೇ ಇಳಿಯುವುದೂ ಉಂಟು.

ಜಪಾನಿನವರು ಸೋಯ ಕಾಳಿನಿಂದ ಮಾಡುವ ನಾಟ್ಟೊ ಎಂಬ ಖಾದ್ಯವನ್ನು ಹುದುಗಿಸುವ ಬ್ಯಾಸಿಲಸ್ ಸಬ್‌ಟಿಲಿಸ್ ಕೂಡ ವಾಹನವಾಗಿ ಬಂದಿದೆ. ಇದು ಕಷ್ಟಕಾಲದಲ್ಲಿ ಗಟ್ಟಿಕವಚದ ಬೀಜಾಣುವಾಗಿ ಮಾರ್ಪಡುತ್ತದೆ. ಬೀಜಾಣುಗಳು ಬಿಸಿಯನ್ನೂ ಆಮ್ಲವನ್ನೂ ತಾಳಿಕೊಳ್ಳುತ್ತವೆ. ಸಾಮಾನ್ಯ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ ಹಳ್ಳಿಯವರೆಗೆ ಸಾಗಿಸಬೇಕಾದ ದೇಶಗಳಿಗೆ ಇದು ಸಣ್ಣ ವಿಷಯವಲ್ಲ. ಲಂಡನ್ನಿನ ಸೈಮನ್ ಕಟಿಂಗ್ ಮತ್ತು ಇಟಲಿಯ ಎಜಿಯೊ ರಿಕ್ಕ ಈ ದಿಕ್ಕಿನಲ್ಲಿ ಕೆಲಸ ಮಾಡಿದವರಲ್ಲಿ ಮುಖ್ಯರು.

ಬಡವರ ಕರುಳಿನ ಪ್ರಶ್ನೆ

ಇಷ್ಟೆಲ್ಲ ಆದರೂ ಮೊಸರಿನ ಬ್ಯಾಕ್ಟೀರಿಯದ ಮೇಲೆ ಏರಿ ಬರುವ ಯಾವ ಲಸಿಕೆಯೂ ಇಂದಿಗೂ ಮನುಷ್ಯರ ನಿತ್ಯಬಳಕೆಗೆ ಬಂದಿಲ್ಲ. ಕಾರಣಗಳು ಒಂದೆರಡಲ್ಲ. ಒಂದು ಸಲಕ್ಕೆ ನೂರಾರು ಕೋಟಿ ಬ್ಯಾಕ್ಟೀರಿಯ ನುಂಗಬೇಕು, ಅದನ್ನೂ ಹಲವು ದಿನ, ಹಲವು ಸಲ. ಪ್ರಮಾಣ ತಪ್ಪಿದರೆ 1911ರಲ್ಲಿ ಕಂಡ ಸಹಿಷ್ಣುತೆ ಮರುಕಳಿಸಿ, ದೇಹ ರೋಗಾಣುವಿನ ಪ್ರೋಟೀನನ್ನೇ ಆಹಾರವೆಂದು ಒಪ್ಪಿಕೊಳ್ಳುವ ಸಂಭವವೂ ಇದೆ. ಲ್ಯಾಕ್ಟೊಕಾಕಸ್ ಸಾಧುವಾಗಿರುವುದರಿಂದಲೇ ಕಾವಲುಗಾರರು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸುರಕ್ಷತೆಗಾಗಿ ಆರಿಸಿಕೊಂಡ ಗುಣವೇ ಅದರ ದೌರ್ಬಲ್ಯವೂ ಆಗಿದೆ.

ಇನ್ನೊಂದು ಅಡ್ಡಿ ಭಾರತಕ್ಕೆ ಹೆಚ್ಚು ಸಂಬಂಧಿಸಿದ್ದು. 1970ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಟಿ. ಜೇಕಬ್ ಜಾನ್ ಮತ್ತು ಸಹೋದ್ಯೋಗಿಗಳು, ಮೂರು ಸಲ ಪೋಲಿಯೊ ಹನಿ ಪಡೆದ ನಮ್ಮ ಮಕ್ಕಳಲ್ಲಿ ಪಾಶ್ಚಾತ್ಯ ದೇಶಗಳ ಮಕ್ಕಳಷ್ಟು ಪ್ರತಿಕಾಯಗಳು ಮೂಡುತ್ತಿಲ್ಲವೆಂದು ತೋರಿಸಿದ್ದರು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಒಂದೊಂದು ಮಗುವಿಗೂ ಹತ್ತಕ್ಕೂ ಹೆಚ್ಚು ಸಲ ಹನಿ ಹಾಕಬೇಕಾಗಿ ಬಂದದ್ದರ ಹಿಂದೆ ಈ ಸತ್ಯವಿತ್ತು. ರೋಟಾವೈರಸ್ ಭೇದಿಯ ಲಸಿಕೆಯ ಕಥೆಯೂ ಇದೇ. ಲ್ಯಾಟಿನ್ ಅಮೆರಿಕದಲ್ಲಿ ತೀವ್ರ ಭೇದಿಯಿಂದ ಸುಮಾರು ಶೇಕಡ 85ರಷ್ಟು ರಕ್ಷಣೆ ಕೊಟ್ಟ ಲಸಿಕೆ, ಆಫ್ರಿಕದ ಮಲಾವಿಯಲ್ಲಿ ಶೇಕಡ 50ರ ಆಸುಪಾಸಿಗೆ ಇಳಿಯಿತು.

ಬೆಂಗಳೂರಿಗೂ ಈ ಇತಿಹಾಸದಲ್ಲಿ ಒಂದು ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ನಗರದ ನವಜಾತ ಶಿಶುಗಳಲ್ಲಿ, ಭೇದಿಯ ಲಕ್ಷಣವನ್ನೇ ತೋರಿಸದ ರೋಟಾವೈರಸ್ ತಳಿಯೊಂದನ್ನು ಗುರುತಿಸಿದ್ದರು. ಐ 321 ಎಂಬ ಈ ತಳಿಯನ್ನೂ ದೆಹಲಿಯ ಶಿಶುಗಳಲ್ಲಿ ಸಿಕ್ಕ 116ಇ ಎಂಬ ತಳಿಯನ್ನೂ ಬಾಯಿಯ ಲಸಿಕೆಯಾಗಿ ಪರೀಕ್ಷಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದೆಹಲಿಯ ತಳಿಗೆ ಶಿಶುಗಳ ದೇಹ ಹೆಚ್ಚು ಸ್ಪಂದಿಸಿತ್ತು. ಅದೇ ಮುಂದೆ ರೋಟಾವ್ಯಾಕ್ ಆಗಿ 2016ರಿಂದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಸೇರಿತು. ದೊಡ್ಡ ಪರೀಕ್ಷೆಯಲ್ಲಿ ಮೊದಲ ವರ್ಷ ಅದು ಕೊಟ್ಟ ರಕ್ಷಣೆ ಸುಮಾರು ಶೇಕಡ 56. ಭೇದಿಯಿಂದ ಅಪಾರ ಸಂಖ್ಯೆಯ ಮಕ್ಕಳು ಆಸ್ಪತ್ರೆ ಸೇರುವ ದೇಶದಲ್ಲಿ ಇದೂ ಅಮೂಲ್ಯವೇ.

ಬಡ ಬಡಾವಣೆಗಳ ಮಕ್ಕಳ ಕರುಳಿನಲ್ಲಿ ಬಾಯಿಯ ಲಸಿಕೆ ಏಕೆ ಸೋಲುತ್ತದೆ ಎಂಬುದಕ್ಕೆ ಅಶುದ್ಧ ನೀರು, ಮೇಲಿಂದ ಮೇಲೆ ತಗಲುವ ಸೋಂಕು, ಅಪೌಷ್ಟಿಕತೆ, ತಾಯಿಯಿಂದ ಬಂದ ಪ್ರತಿಕಾಯಗಳು ಎಂದು ಹಲವು ಕಾರಣಗಳನ್ನು ಕೊಡುತ್ತಾರೆ. ಕಾರಣ ಯಾವುದೇ ಇರಲಿ, ಸೂಜಿಯಿಲ್ಲದ ಲಸಿಕೆ ಯಾರಿಗೆ ಅತ್ಯಗತ್ಯವೋ ಅವರಲ್ಲೇ ಅದು ಕಡಿಮೆ ಫಲ ಕೊಡುತ್ತದೆ. ಕೇಂಬ್ರಿಜ್‌ನ ಇಲಿಗಳು ಶುಚಿಯಾದ ಪಂಜರದಲ್ಲಿ, ಹೊಟ್ಟೆತುಂಬ ತಿಂದು ಬೆಳೆದವು. ಕೊಳೆಗೇರಿಯ ಮಗುವಿನ ಕರುಳು ಹಾಗಲ್ಲ.

ಈ ನಡುವೆ ಸೂಜಿಯೇ ಮೇಲುಗೈ ಸಾಧಿಸಿದ ಉದಾಹರಣೆಯೂ ಇದೆ. ವಿಷಮಶೀತ ಜ್ವರಕ್ಕೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಶುಗಳಿಗೆ ಶಿಫಾರಸು ಮಾಡಿದ್ದು, ಭಾರತದಲ್ಲೇ ತಯಾರಾದ ಹೊಸ ಬಗೆಯ ಚುಚ್ಚುಮದ್ದನ್ನು. ಟಿವೈ 21ಎ ಗುಳಿಗೆಯ ತಯಾರಿಕೆಯನ್ನು ಅದರ ಕಂಪನಿ 2024ರ ಕೊನೆಗೆ ನಿಲ್ಲಿಸಿತು. ಹಾಗೆಂದು ಬಾಯಿಯ ಲಸಿಕೆಯ ಕಾಲ ಮುಗಿಯಿತೆನ್ನುವಂತಿಲ್ಲ. ಕರುಳಿನ ಬಾಗಿಲಲ್ಲೇ ರೋಗವನ್ನು ತಡೆಯುವ ವಿಷಯದಲ್ಲಿ ಚುಚ್ಚುಮದ್ದು ಬಹುಪಾಲು ಹಿಂದುಳಿಯುತ್ತದೆ.

ದಿನವೂ ಉಣ್ಣುವ ಮೊಸರು ಜೀರ್ಣಕ್ಕೆ ಒಳ್ಳೆಯದು, ಆದರೆ ಅದು ಯಾವ ರೋಗಕ್ಕೂ ಲಸಿಕೆಯಲ್ಲ. ಮಗುವಿಗೆ ಕಾಲಕಾಲಕ್ಕೆ ಹಾಕಿಸಬೇಕಾದ ಚುಚ್ಚುಮದ್ದಿಗೆ ಅದು ಬದಲಿಯೂ ಅಲ್ಲ. ಅದರಲ್ಲಿರುವ ಬ್ಯಾಕ್ಟೀರಿಯ ಲಸಿಕೆಯನ್ನು ಹೊರಬಲ್ಲದು ಎಂಬುದನ್ನು ಮೂರು ದಶಕಗಳ ಪ್ರಯೋಗ ತೋರಿಸಿದೆ. ಇನ್ನು ತೋರಿಸಬೇಕಾದದ್ದು, ವೆಲ್ಲೂರಿನ, ಮಲಾವಿಯ ಮಗುವಿನ ಕರುಳಿನಲ್ಲೂ ಆ ಹೊರೆ ಸರಿಯಾದ ಜಾಗಕ್ಕೆ ಇಳಿಯುತ್ತದೆಯೇ ಎಂಬುದನ್ನು. ಅಲ್ಲಿಯವರೆಗೆ ಶುದ್ಧ ನೀರು ಮತ್ತು ಶೌಚದ ವ್ಯವಸ್ಥೆಗೆ ಮಾಡುವ ಖರ್ಚು ಲಸಿಕೆಯ ಖರ್ಚಿನ ಒಂದು ಭಾಗವೇ ಎಂದು ತಿಳಿಯಬೇಕಾಗುತ್ತದೆ.